ಮದುವೆಯ ಕೋಟು, ಹುಣಸೆಬೀಜದ ಗಂಜಿ

ನಮ್ಮ ಕಡೆ ಗಂಡಸಾಗಿ ಹುಟ್ಟಿದವನು ಜೀವನದಲ್ಲಿ ಒಂದು ಸಲವಾದರೂ ಕೋಟು ತೊಡಲೇಬೇಕು. ಮಾವನ ಮನೆಯವರು ಹೊಲಿಸಿಕೊಟ್ಟ ಉಣ್ಣೆಯ ಕೋಟನ್ನು ವೈಶಾಖದ ಬಿಸಿಲಿನಲ್ಲಿ ತೊಟ್ಟು, ಫೋಟೋದವನು ಹೇಳಿದ ಕಡೆಗೆಲ್ಲ ಕತ್ತು ತಿರುಗಿಸಿ, ಹೊಸ ಕರವಸ್ತ್ರದಲ್ಲಿ ಬೆವರು ಒರೆಸಿಕೊಂಡು, ಮರುದಿನ ನುಸಿಗುಳಿಗೆಯ ಜೊತೆ ಅದನ್ನು ಟ್ರಂಕಿನ ತಳಕ್ಕೆ ಹಾಕಿಬಿಟ್ಟರೆ ಅಲ್ಲಿಗೆ ಕೋಟಿನ ಋಣ ಮುಗಿಯಿತು. ಆಮೇಲೆ ಅದು ಹೊರಗೆ ಬರುವುದು ತಮ್ಮನ ಮದುವೆಗೋ, ಇಲ್ಲವೇ ಊರ ನಾಟಕದಲ್ಲಿ ಅಮಲ್ದಾರನ ಪಾತ್ರ ಮಾಡುವವನು ಎರವಲು ಕೇಳಿಕೊಂಡು ಬಂದಾಗಲೋ. ಎಲ್ಲರ ಕೋಟಿಗೂ ಸಿಗುವ ಈ ವಿಶ್ರಾಂತಿ ನನ್ನ ಕೋಟಿಗೆ ಸಿಗಲಿಲ್ಲ. ಏಕೆಂದರೆ ಮದುವೆಯಾದ ಆರೇ ತಿಂಗಳಿಗೆ ನಾನು ಮ್ಯಾನೇಜರ್ ಆದೆ. ಆದದ್ದು ಹೇಗೆ ಎಂಬುದನ್ನೂ, ಆ ಕೋಟಿನ ಗತಿ ಏನಾಯಿತು ಎಂಬುದನ್ನೂ ಈಗ ಒಪ್ಪಿಸಿಬಿಡುತ್ತೇನೆ. ಇದರಲ್ಲಿ ನನ್ನ ಮರ್ಯಾದೆ ಹೆಚ್ಚುವಂಥದ್ದು ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಚಿತ್ರದುರ್ಗದಲ್ಲಿ ಇತಿಹಾಸ ತೆಗೆದುಕೊಂಡು ಬಿ.ಎ. ಮಾಡಿ, ಹೊಳಲ್ಕೆರೆಯ ನಮ್ಮ ಮನೆಯ ಜಗುಲಿಯ ಮೇಲೆ ಎರಡು ವರ್ಷ ಕೂತು, ಬರುವ ಹೋಗುವವರಿಗೆಲ್ಲ ಸಮಯ ಹೇಳುವ ಕೆಲಸ ಮಾಡುತ್ತಿದ್ದೆ. ಆಗ ಯಲ್ಲದಕೆರೆಯ ಆಚೆ ಒಂದು ಹಟ್ಟಿಯಲ್ಲಿದ್ದ ಕಂಬಳಿ ನೇಯುವ ಕೇಂದ್ರಕ್ಕೆ ಮ್ಯಾನೇಜರ್ ಬೇಕೆಂದು ಗೊತ್ತಾಗಿ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಮೂವರು ಕೂತಿದ್ದರು. ಒಬ್ಬರು ನಮ್ಮ ಜಿಲ್ಲೆಯ ಅಶೋಕನ ಶಾಸನದ ಬಗ್ಗೆ ಕೇಳಿದರು. ನಾನು ಅದನ್ನು ಗಟ್ಟಿ ಮಾಡಿದ್ದೆ, ಒಪ್ಪಿಸಿದೆ. ಇನ್ನೊಬ್ಬರು ನನ್ನ ಕೋಟಿನ ಬಟ್ಟೆ ಯಾವ ಊರಿನದು ಎಂದು ವಿಚಾರಿಸಿದರು. ಮೂರನೆಯವರು ತಲೆದೂಗಿದರು. ಕುರಿಯ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದ್ದರೆ ಅದಕ್ಕೆ ನಾಲ್ಕು ಕಾಲು ಎಂದು ಧೈರ್ಯವಾಗಿ ಹೇಳುತ್ತಿದ್ದೆ.

ಸಂದರ್ಶನಕ್ಕೆ ಹಾಕಿದ ಕೋಟನ್ನು ಕೆಲಸಕ್ಕೂ ಹಾಕಿಕೊಂಡು ಹೋಗಬೇಕೆಂದು ತೀರ್ಮಾನಿಸಿದವರು ನನ್ನ ಮಾವನವರು. ಅವರು ರಾಮಗಿರಿ ಸ್ಟೇಷನ್ನಿನಲ್ಲಿ ಬಹಳ ಕಾಲ ಕರಿ ಕೋಟು ಹಾಕಿ ಬಾವುಟ ತೋರಿಸಿ ನಿವೃತ್ತರಾದವರು. ಕೋಟು ಕಂಡರೆ ರೈಲು ಕೂಡ ನಿಲ್ಲುತ್ತದೆ ಎಂಬುದು ಅವರ ಅನುಭವ. "ಅಳಿಯಂದಿರೆ, ಕೆಲಸ ಕಲಿಯೋದು ಹತ್ತು ದಿನ ತಡವಾದ್ರೂ ಜನ ಕಾಯ್ತಾರೆ. ಕೋಟಿಲ್ಲದ ಮ್ಯಾನೇಜರಿಗೆ ಒಂದು ದಿನ ಕೂಡ ಯಾರೂ ಎದ್ದು ನಿಲ್ಲಲ್ಲ" ಎಂದರು. ಜೊತೆಗೆ ಒಂದು ಕೆಂಪು ಟೈ ಕೂಡ ಕೊಟ್ಟರು. ನನಗೆ ಟೈ ಕಟ್ಟಲು ಬರುತ್ತಿರಲಿಲ್ಲ. ಅವರೇ ಒಮ್ಮೆ ಕಟ್ಟಿಕೊಟ್ಟ ಗಂಟನ್ನು ಬಿಚ್ಚದೆ, ಸಂಜೆ ಸಡಿಲಿಸಿ ಮೊಳೆಗೆ ನೇತುಹಾಕಿ, ಬೆಳಿಗ್ಗೆ ಮತ್ತೆ ತಲೆಯಿಂದ ಇಳಿಸಿಕೊಂಡು ಆರು ತಿಂಗಳು ಕಳೆದೆ. ಹಿರಿಯೂರಿನಲ್ಲಿ ಮನೆ ಮಾಡಿ, ದಿನಾ ಬಸ್ಸಿನಲ್ಲಿ ಕುರಿಗಾರರ, ಶೇಂಗಾ ಮೂಟೆಗಳ ನಡುವೆ ಟೈ ಕಟ್ಟಿಕೊಂಡು ನಿಂತು ಹೋಗುತ್ತಿದ್ದೆ. ಕೋಟು ಹಾಕಿದ ಮೇಲೆ ಇನ್ನೂ ಒಂದು ಬದಲಾವಣೆ ಆಯಿತು. ಹುಟ್ಟಿದಾಗಿನಿಂದ 'ಐತೆ' ಎನ್ನುತ್ತಿದ್ದ ನನ್ನ ಬಾಯಿ, ನನ್ನನ್ನು ಕೇಳದೆಯೇ 'ಇದೆ' ಎನ್ನತೊಡಗಿತು.

ಮೊದಲ ದಿನ ಕೇಂದ್ರದ ಬಾಗಿಲಲ್ಲಿ ನನ್ನನ್ನು ಎದುರುಗೊಂಡವನು ಮೇಸ್ತ್ರಿ ಕೆಂಚಪ್ಪ. ಐವತ್ತೈದು ದಾಟಿದ, ಒಣಗಿದ ಆಳು. ಹನ್ನೆರಡು ಮಗ್ಗಗಳ ಆ ಕೇಂದ್ರವನ್ನು ಶುರುವಾದಾಗಿನಿಂದ ನಡೆಸಿಕೊಂಡು ಬಂದವನು ಅವನೇ. ಮ್ಯಾನೇಜರ್ ಕೆಲಸ ಅವನಿಗೇ ಸಿಗಲಿ ಎಂದು ನೇಕಾರರು ಕೇಳಿಕೊಂಡಿದ್ದರಂತೆ. 'ಅವನ ವೇಷ ನೋಡಿದರೆ ಮ್ಯಾನೇಜರ್ ಅನ್ನೋಕ್ಕಾಗುತ್ತಾ' ಎಂದು ಮೇಲಿನವರು ಅಂದರಂತೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಅಂದು ಅವನು ಹೊಸ ಕರಿ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿ, "ಬರ್ರಿ ಸಾಮಿ, ಕುಂತ್ಕಳ್ರಿ" ಎಂದ. ನಾನು ಬೂಟುಗಾಲಿನಲ್ಲಿ ಸೀದಾ ಅದರ ಮೇಲೆ ಹೋಗಿ ನಿಂತು, ಎಲ್ಲ ಕಡೆ ಒಮ್ಮೆ ನೋಡಿದೆ. ಮಗ್ಗಗಳ ಸದ್ದು ನಿಂತಿತು. ನನ್ನ ಗಾಂಭೀರ್ಯಕ್ಕೆ ನಿಂತಿತು ಎಂದುಕೊಂಡೆ. ಕೆಂಚಪ್ಪ ಮೆಲ್ಲಗೆ, "ಜೋಡು ಬಿಟ್ಟು ಕುಂತ್ಕಂಡ್ರೆ ಕಾಲಿಗೆ ತಂಪಾಗ್ತೈತೆ ಸಾಮಿ" ಎಂದ. ತಂಪಿನ ವಿಷಯ ಆಮೇಲೆ ನೋಡೋಣ ಎಂದೆ. ನೇಕಾರರ ಮನೆಗಳಲ್ಲಿ ದೇವರನ್ನು ಕೂರಿಸುವುದು ಹಾಗೆ ಮಡಿಸಿದ ಕಂಬಳಿಯ ಗದ್ದುಗೆಯ ಮೇಲೆ, ಅದರ ಮೇಲೆ ಜೋಡು ಇಟ್ಟವನು ಆ ಹಟ್ಟಿಯಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಹೀಗೆ ಒಂದು ವಿಷಯದಲ್ಲಿ ನಾನು ಮೊದಲಿಗನಾದೆ.

ಕೆಂಚಪ್ಪನದೂ ಒಂದು ಕೋಟು ಇತ್ತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಾಗ ಅವನ ಮೈಮೇಲೆ ಹರಿದ ಬನಿಯನ್ನು ಮಾತ್ರ. ಆದರೆ ಅಂಗಳ ದಾಟಿ ನನ್ನ ಕೋಣೆಗೆ ಬರಬೇಕಾದರೆ, ಬಿರುಬೇಸಗೆಯಾದರೂ ಸರಿ, ಕೈಕಾಲು ತೊಳೆದು, ರುಮಾಲು ಸುತ್ತಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬರುತ್ತಿದ್ದ. ಹತ್ತು ಹೆಜ್ಜೆಯ ದಾರಿ ಅದು. ಒಂದು ದಿನ ತಡೆಯಲಾರದೆ, "ಏನಪ್ಪ ಕೆಂಚಪ್ಪ, ಈ ಸೆಖೆಯಲ್ಲಿ ಕಂಬಳಿ ಯಾಕೆ?" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವ್ ಹಾಕ್ಕಂಡೀರಲ್ಲ ಸಾಮಿ, ಅದೂ ಕುರೀದೇ ಅಲ್ವೆ?" ಎಂದ. ಆಗ ನನಗೆ ಬೇಜಾರಾಯಿತು. ಈಗ ಯೋಚಿಸಿದರೆ, ಒಂದೇ ಪ್ರಾಣಿಯ ಕೂದಲನ್ನು ಹೊತ್ತುಕೊಂಡು ಎದುರುಬದುರು ಬೆವರುತ್ತ ಕೂತ ಇಬ್ಬರಲ್ಲಿ, ಆ ಕೂದಲಿನ ಬಗ್ಗೆ ಒಬ್ಬನಿಗೆ ಎಲ್ಲವೂ ಗೊತ್ತಿತ್ತು, ಇನ್ನೊಬ್ಬನಿಗೆ ಸಂಬಳ ಜಾಸ್ತಿ ಇತ್ತು.

ಇನ್ನು ಗಂಜಿಯ ವಿಷಯ. ಕಂಬಳಿ ನೇಯುವ ಮೊದಲು ಹುಣಸೆಬೀಜವನ್ನು ಹುರಿದು, ಬೀಸಿ, ಕುದಿಸಿ ಗಂಜಿ ಮಾಡಿ ಅದನ್ನು ನೂಲಿಗೆ ಉಜ್ಜುತ್ತಾರೆ. ಹಾಗಾಗಿ ಮಗ್ಗದಿಂದ ಇಳಿದ ಕಂಬಳಿ ಹಲಗೆಯಂತೆ ಸೆಟೆದಿರುತ್ತದೆ, ಒಂದು ಥರ ಹುಳಿ ವಾಸನೆ ಇರುತ್ತದೆ. ನಾನು ಒಂದನ್ನು ಮನೆಗೆ ಒಯ್ದೆ. ನನ್ನ ಹೆಂಡತಿ ಸರೋಜ ಅದನ್ನು ಗೋಡೆಗೆ ಒರಗಿಸಿದಳು. ಅದು ನಿಂತಿತು. "ಇದನ್ನ ಹೊದ್ಕೋಬೇಕೋ, ಬಾಗಿಲಿಗೆ ಅಡ್ಡ ಇಟ್ಕೋಬೇಕೋ?" ಎಂದವಳು, ಮರುದಿನ ಬಿಸಿನೀರಿಗೆ ವಾಷಿಂಗ್ ಸೋಡ ಹಾಕಿ ಚೆನ್ನಾಗಿ ಕುಕ್ಕಿ ತೊಳೆದು ಒಣಹಾಕಿದಳು. ಸಂಜೆಗೆ ಕಂಬಳಿ ಮೆತ್ತಗಾಗಿತ್ತು. ಮುಖಕ್ಕೆ ಒತ್ತಿಕೊಂಡು ನೋಡಿದೆ, ವಾಸನೆ ಇರಲಿಲ್ಲ. ಆ ರಾತ್ರಿಯಿಂದ ನಾನು ಕಂಬಳಿಯ ವಿಷಯದಲ್ಲಿ ಪಂಡಿತನಾದೆ. ನನ್ನ ಆರು ತಿಂಗಳ ಪರೀಕ್ಷೆಯ ಅವಧಿ ಮುಗಿಯುತ್ತ ಬಂದಿತ್ತು. ಚಿತ್ರದುರ್ಗದಿಂದ ಮೇಲಧಿಕಾರಿಗಳು ಬಂದು ನೋಡಿ, ಒಪ್ಪಿದರೆ ನನ್ನ ಕೆಲಸ ಖಾಯಂ. ಮಳೆಗಾಲಕ್ಕೆ ಮುಂಚೆ ಕುರಿಗಾರರು ಒಯ್ಯಲೆಂದು ನಲವತ್ತು ಕಂಬಳಿ ಸಿದ್ಧವಾಗಿದ್ದವು. ಅಧಿಕಾರಿಗಳ ಮುಂದೆ ಈ ಸೆಟೆದ ಹಲಗೆಗಳನ್ನು ಹೇಗೆ ಇಡುವುದು? ನಲವತ್ತನ್ನೂ ಸೋಡದಲ್ಲಿ ತೊಳೆಯಿರಿ ಎಂದು ಹುಕುಂ ಮಾಡಿದೆ.

ಕೆಂಚಪ್ಪ ರುಮಾಲು ಸುತ್ತಿ, ಕಂಬಳಿ ಹೊತ್ತು, ಹತ್ತು ಹೆಜ್ಜೆ ನಡೆದು ಬಂದ. "ಬ್ಯಾಡ ಸಾಮಿ. ಗಂಜಿ ಹೋದ್ರೆ ಕಂಬ್ಳಿ ಕೆಟ್ಟೋಗ್ತೈತೆ" ಎಂದ. ನನಗೆ ಅದು ಸೋಮಾರಿತನ ಎನಿಸಿತು. ಅದಕ್ಕಿಂತ ನಿಜ ಹೇಳಬೇಕೆಂದರೆ, ನನ್ನ ಕೆಲಸ ಸಿಗದವನ ಹೊಟ್ಟೆಕಿಚ್ಚು ಎನಿಸಿತು. ಆಗ ನಾನೊಂದು ಪ್ರಶ್ನೆ ಕೇಳಿದೆ. ಈ ಇಡೀ ಪ್ರಬಂಧವನ್ನು ಬರೆಯುತ್ತಿರುವುದೇ ಆ ಪ್ರಶ್ನೆಯನ್ನು ಎಲ್ಲಾದರೂ ಇಳಿಸಿ ಹಗುರಾಗೋಣ ಎಂದು. "ಎಷ್ಟನೇ ಕ್ಲಾಸು ಓದಿದ್ದೀಯಪ್ಪ ನೀನು?" ಎಂದೆ.

ಅವನು ತಡವರಿಸದೆ, "ಮೂರ್ನೇದು ಸಾಮಿ" ಎಂದ. ಹೋಗಿ, ಹೆಗಲ ಮೇಲಿನ ಕಂಬಳಿಯನ್ನು ಮಡಿಸಿಟ್ಟು, ತಾನೇ ಹಂಡೆಯ ಕೆಳಗೆ ಉರಿ ಹಾಕಿದ. ಎರಡು ದಿನ ನೇಕಾರರೆಲ್ಲ ತಮ್ಮ ಕೈಯಾರೆ ನೇಯ್ದದ್ದನ್ನು ತಾವೇ ಕುಕ್ಕಿದರು. ಮೂರನೆಯ ದಿನ ಒಣಗಿದ ಕಂಬಳಿಗಳನ್ನು ನೋಡಿದೆ. ಒಂದೊಂದೂ ಗೇಣುದ್ದ ಕುಗ್ಗಿತ್ತು. ಅಂಚು ಸುರುಳಿ ಸುತ್ತಿಕೊಂಡಿತ್ತು. ಕೆಂಚಪ್ಪ ಒಂದನ್ನು ಎತ್ತಿ ಹಿಡಿದು, ನನಗಲ್ಲ, ಗಾಳಿಗೆ ಹೇಳಿದಂತೆ ಹೇಳಿದ: "ಕುರಿ ಮೈಯಾಗಿನ ಜಿಡ್ಡು ಉಣ್ಣ್ಯಾಗೆ ಇರ್ತೈತೆ. ಸೋಡದಾಗೆ ಅದೂ ಹೋತು, ಗಂಜಿನೂ ಹೋತು. ಇನ್ನ ಮಳೆಗೆ ಹೊರಗೇ ನಿಲ್ಲು ಅನ್ನಾಕೆ ಯಾರವ್ರೆ?" ಆ ವಾರ ಕಂಬಳಿ ಒಯ್ಯಲು ಬಂದ ಇಬ್ಬರು ಕುರಿಗಾರರು ಮುಟ್ಟಿ ನೋಡಿ, ಕೊಳ್ಳದೆ ಹಾಗೇ ಹೊರಟರು. ಅವರನ್ನು ಬಿಟ್ಟರೆ ಆ ಕಂಬಳಿಗೆ ಬೇರೆ ಗಿರಾಕಿಗಳಿರಲಿಲ್ಲ. ನನಗೆ ಅರ್ಥವಾಯಿತು. ಆದರೆ ಅರ್ಥವಾಯಿತು ಎಂದು ಬಾಯಿ ಬಿಟ್ಟು ಹೇಳಲು ಟೈ ಬಿಗಿಯಾಗಿತ್ತು.

ಅಧಿಕಾರಿಗಳು ಜೀಪಿನಲ್ಲಿ ಬಂದರು. ಅವರದೂ ಕೋಟು, ನನ್ನದಕ್ಕಿಂತ ಒಳ್ಳೆಯದು. ಹಿಂದಿನ ವರ್ಷದವರೆಗೆ ಅವರು ಮೀನು ಸಾಕಣೆಯ ಮೇಲ್ವಿಚಾರಕರಾಗಿದ್ದರಂತೆ. ಈಜು ಬರುತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವರು ತೊಳೆದ ಕಂಬಳಿಯೊಂದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. "ಏನ್ರೀ ಇದು, ಇಷ್ಟು ಮೆತ್ತಗೆ. ಎಲ್ಲಿ ಹೋದರೂ ಆ ಹಲಗೆಗಳನ್ನೇ ತೋರಿಸ್ತಾರೆ. ಓದಿದವರು ಬಂದರೆ ಹೀಗೆ. ಇನ್ನು ಮೇಲೆ ಜಿಲ್ಲೆಯ ಎಲ್ಲ ಕೇಂದ್ರದಲ್ಲೂ ಹೀಗೇ ತೊಳೀಬೇಕು ಅಂತ ಆರ್ಡರ್ ಮಾಡಿಸ್ತೀನಿ. ನಿಮ್ಮದೂ ನಾಳೆಗೇ ಖಾಯಂ ಆಗುತ್ತೆ" ಎಂದರು.

ತಪ್ಪಿಗೆ ಬೈಯಿಸಿಕೊಳ್ಳುವುದು ಕಷ್ಟ ಎಂದು ತಿಳಿದಿದ್ದೆ. ತಪ್ಪಿಗೆ ಹೊಗಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ ಎಂದು ಅಂದು ಗೊತ್ತಾಯಿತು. ಆದರೂ ಅದು ಎಷ್ಟು ಸುಲಭವಾಗಿ ಅಭ್ಯಾಸವಾಗುತ್ತದೆ ಎಂದರೆ, ಒಂದು ಕ್ಷಣ ನಾನು ಕೋಟಿನ ಮುಂಭಾಗ ಸರಿಮಾಡಿಕೊಂಡು, "ತಮ್ಮ ಆಶೀರ್ವಾದ ಸಾರ್" ಎಂದು ಹೇಳಿಯೇ ಬಿಟ್ಟೆ. ಮೂಲೆಯಲ್ಲಿ ಕೆಂಚಪ್ಪ ರುಮಾಲು ಸುತ್ತಿ, ಕಂಬಳಿ ಹೊತ್ತು ನಿಂತಿದ್ದ. ಅವನು ನನ್ನನ್ನು ನೋಡಿದ್ದರೆ ನಾನು ಹೇಗೋ ಮುಖ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅವನು ನನ್ನನ್ನು ನೋಡಲಿಲ್ಲ. ಮಗ್ಗಗಳನ್ನು ನೋಡುತ್ತಿದ್ದ. ಹನ್ನೆರಡು ಮಗ್ಗ. ಆರ್ಡರ್ ಬಂದರೆ ಅವು ಒಂದೊಂದಾಗಿ ನಿಲ್ಲುತ್ತವೆ ಎಂಬುದು ಆ ಕೋಣೆಯಲ್ಲಿ ಕೋಟು ಹಾಕದ ಎಲ್ಲರಿಗೂ ಗೊತ್ತಿತ್ತು. ನನಗೆ ನಾಚಿಕೆಯಾಯಿತು. ಒಳ್ಳೆಯತನ ಎಂದು ಹೇಳುವುದಿಲ್ಲ, ನಾಚಿಕೆ.

"ಸಾರ್, ಇದು ನನ್ನ ತಪ್ಪು. ಇದನ್ನ ಹೊದ್ಕೊಂಡು ಮಳೆಯಲ್ಲಿ ನಿಲ್ಲೋಕ್ಕಾಗಲ್ಲ. ಕಾಗದದಲ್ಲಿ ಬರೆದರೆ ತಮಗೆ ನಂಬಿಕೆ ಬರಲ್ಲ, ಒಂದು ನಿಮಿಷ ಅಂಗಳಕ್ಕೆ ಬನ್ನಿ" ಎಂದೆ. ಅಂಗಳದಲ್ಲಿ ತೊಳೆದ ಕಂಬಳಿಯನ್ನು ಕುರಿಗಾರರು ಮಳೆಗೆ ಮಡಿಸಿಕೊಳ್ಳುವಂತೆ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂತೆ. ಕೊಪ್ಪೆ ಹಾಕಲೂ ಬರಲಿಲ್ಲ, ಕೆಂಚಪ್ಪ ಬಂದು ಸರಿಮಾಡಿದ. ಆಮೇಲೆ ತನ್ನ ಹೆಗಲಿನದನ್ನು ಕೊಪ್ಪೆ ಮಾಡಿಕೊಂಡು ನನ್ನ ಪಕ್ಕದಲ್ಲಿ ತಾನೂ ಕೂತ. ಕೋಟು ಬಿಚ್ಚಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಮೇಲಧಿಕಾರಿಗಳ ಎದುರು ಕೋಟು ಬಿಚ್ಚುವುದು ಸಭ್ಯತೆಯಲ್ಲ. ಇಬ್ಬರು ನೇಕಾರರು ಒಂದೊಂದು ಕೊಡ ನೀರು ತಂದು ನಮ್ಮ ತಲೆಗಳ ಮೇಲೆ ನಿಧಾನವಾಗಿ ಸುರಿದರು. ನನ್ನ ಮೇಲೆ ಸುರಿದವನು ಸ್ವಲ್ಪ ಹೆಚ್ಚೇ ನಿಧಾನವಾಗಿ ಸುರಿದ ಎಂದು ನನಗೆ ಈಗಲೂ ಅನುಮಾನ. ಕೆಂಚಪ್ಪ ಎದ್ದು ಕಂಬಳಿ ಕೊಡವಿದ. ಹನಿ ಉದುರಿದವು, ಒಳಗಿನ ಬನಿಯನ್ನು ನೆನೆದಿರಲೇ ಇಲ್ಲ. ನಾನು ಎದ್ದಾಗ ನನ್ನ ಜೇಬುಗಳಿಂದ ನೀರು ಇಳಿಯುತ್ತಿತ್ತು. ಕೆಂಪು ಟೈ ಬಣ್ಣ ಬಿಟ್ಟು ಅಂಗಿಯ ಮೇಲೆಲ್ಲ ಹರಿದಿತ್ತು. ನೇಕಾರರ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದರು.

ಜೀಪು ಹತ್ತುವಾಗ ಅಧಿಕಾರಿಗಳು ನನ್ನನ್ನು ಹತ್ತಿರ ಕರೆದು, "ನನಗೂ ಗೊತ್ತಿರಲಿಲ್ಲ ಕಣ್ರಿ" ಎಂದು ಮೆಲ್ಲಗೆ ಹೇಳಿದರು. ಅವರ ಮೇಲೆ ನನಗೆ ಅಂದಿನಿಂದ ಗೌರವ. ಆದರೆ ಗೌರವ ಬೇರೆ, ಕಾಗದ ಬೇರೆ. ಮುಂದಿನ ವಾರ ಬಂದ ಕಾಗದದಲ್ಲಿ ನನ್ನ ಪರೀಕ್ಷೆಯ ಅವಧಿಯನ್ನು ಇನ್ನೂ ಆರು ತಿಂಗಳು ಮುಂದುವರಿಸಿ, ಅಷ್ಟು ಕಾಲ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿಯತಕ್ಕದ್ದು ಎಂದಿತ್ತು.

ಆರು ತಿಂಗಳು ಗುಂಡಿಗೆ ಇಳಿದೆ. ಕುರಿ ತೊಳೆಯುವುದರಿಂದ ಹಿಡಿದು ಗಂಜಿ ಕಾಯಿಸುವವರೆಗೆ ಎಲ್ಲ ಮಾಡಿದೆ. ನೇಯ್ದದ್ದು ಒಂದೇ ಕಂಬಳಿ. ಅದು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು. ಸರೋಜ ಅದನ್ನು ನೋಡಿ, ಹೊದೆಯುವವರು ತಲೆಯ ಕಡೆ ದಪ್ಪ ಇದ್ದರೆ ಸರಿಹೋಗುತ್ತದೆ, ನಿಮಗೇ ಆಗುತ್ತದೆ ಎಂದಳು. ಒಂದು ಮಧ್ಯಾಹ್ನ, ಗುಂಡಿಯಲ್ಲಿ ಅಕ್ಕಪಕ್ಕ ಕೂತಿದ್ದಾಗ ಧೈರ್ಯ ಮಾಡಿ ಹೇಳಿದೆ: "ಕೆಂಚಪ್ಪನೋರೆ, ಅವತ್ತು ಎಷ್ಟನೇ ಕ್ಲಾಸು ಅಂತ ಕೇಳಬಾರದಾಗಿತ್ತು."

ಅವನು ಲಾಳಿ ನಿಲ್ಲಿಸಲಿಲ್ಲ. "ಕೇಳಿದ್ದೇನು ತಪ್ಪಿಲ್ಲ ಬಿಡ್ರಿ. ನಾನೂ ನಿಮ್ಮನ್ನ ಕೇಳ್ಬೇಕು ಅಂತಿದ್ದೆ, ನೀವೆಷ್ಟು ಕಂಬ್ಳಿ ನೇಯ್ದೀರಿ ಸಾಮಿ ಅಂತ. ಕೋಟ್ ನೋಡಿ ಬಾಯಿ ಕಟ್ತು."

ಈ ಮಾತನ್ನು ಎಷ್ಟೋ ದಿನ ಯೋಚಿಸಿದ್ದೇನೆ. ಕೋಟಿನಿಂದ ನನಗೆ ಸೆಖೆಯಾಯಿತು ಎಂಬುದಷ್ಟೇ ಅದರ ದೋಷ ಎಂದುಕೊಂಡಿದ್ದೆ. ಎದುರಿನವನ ಬಾಯಿ ಕಟ್ಟುತ್ತದೆ ಎಂಬುದು ಗೊತ್ತಿರಲಿಲ್ಲ. ಹಾಗಾದರೆ ನೇಯಲು ಬಂದವನೇ ಮ್ಯಾನೇಜರ್ ಆಗಬೇಕೇ ಎಂದು ಅವನನ್ನೇ ಕೇಳಿದೆ. ಹೂಂ ಎನ್ನುತ್ತಾನೆ ಎಂದುಕೊಂಡರೆ ಕೆಂಚಪ್ಪ ತಲೆಯಾಡಿಸಿದ. "ನಾನ್ ಆಗಿದ್ರೆ ನನ್ನ ತಮ್ಮನ ಮಗ್ಗದಾಗಿನ ತಪ್ಪು ನಂಗೆ ಕಾಣ್ತಿರ್ಲಿಲ್ಲ. ನಿಮಗೆ ಯಾರ ತಪ್ಪೂ ಕಾಣಲ್ಲ. ಎಲ್ಡೂ ಒಂದೇ" ಎಂದು ನಕ್ಕ. ಆಮೇಲೆ, "ನೇಯಾಕೆ ಬರ್ದಿದ್ರೂ ನಡೀತೈತೆ ಸಾಮಿ. ನೇಯೋನ ಕಡೀಗೆ ಒಂದ್ಸಲ ತಿರುಗಿ ನೋಡಾಕೆ ಬಂದ್ರೆ ಸಾಕು" ಎಂದ. ಮುಖ ನೋಡಿ ಮಣೆ ಹಾಕು ಎಂದು ಹಿರಿಯರು ಅಂದದ್ದು ಕೇಳಿದ್ದೆವು. ನಾವು ಮುಖವನ್ನೂ ಬಿಟ್ಟು ಬರೀ ಕೋಟು ನೋಡಿ ಮಣೆ ಹಾಕುವ ಜನ ಎಂದು ನನಗೆ ಆ ಗುಂಡಿಯಲ್ಲಿ ಕೂತಾಗ ಅನ್ನಿಸಿತು. ಇನ್ನು ಮೇಲಾದರೂ ಹಾಗೆ ಮಾಡಬಾರದು ಎಂದು ಅಲ್ಲೇ ನಿಶ್ಚಯಿಸಿಕೊಂಡೆ.

ನೀರು ಕುಡಿದ ಕೋಟು ಒಣಗಿದ ಮೇಲೆ ತೋಳು ಮೊಣಕೈಗೆ ಬಂತು, ಗುಂಡಿಗೂ ಕಾಜಕ್ಕೂ ಸಂಬಂಧ ತಪ್ಪಿತು. ಮಾವನವರಿಗೆ ನಡೆದದ್ದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಅವರು ಅದನ್ನು ತೊಡಿಸಿ ನೋಡಿ, "ನಮ್ಮ ಹುಡುಗಿ ಅಡಿಗೆ ಚೆನ್ನಾಗಿ ಮಾಡ್ತಾಳೆ ಅಂತ ಕಾಣುತ್ತೆ" ಎಂದು ಸಂತೋಷಪಟ್ಟರು. ನಾನು ಹೊಟ್ಟೆ ಸ್ವಲ್ಪ ಮುಂದೆ ಮಾಡಿ ನಿಂತುಕೊಂಡೆ.

ದಶಕ ಮುಗಿಯುವುದರೊಳಗೆ ನನಗೂ ಬಡ್ತಿ ಬಂತು. ಮೇಲಧಿಕಾರಿಯಾಗಿ ಮೊದಲ ಸಲ ಹೊಸದುರ್ಗದ ಕಡೆಯ ಒಂದು ಕೇಂದ್ರದ ತನಿಖೆಗೆ ಹೋದೆ. ಮಾಘದ ಬೆಳಗು, ಒಳ್ಳೆಯ ಚಳಿ. ಮಾವನವರು ಹೊಸದಾಗಿ ಹೊಲಿಸಿಕೊಟ್ಟ ಕೋಟು ಹಾಕಿದ್ದೆ. ಚಳಿಗೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಜೀಪು ಇಳಿದಾಗ ಕೇಂದ್ರದ ಜಗುಲಿಯ ಮೇಲೆ ನೀಲಿ ಕೋಟು ತೊಟ್ಟ ಲಕ್ಷಣವಾದ ವ್ಯಕ್ತಿಯೊಬ್ಬ ನಿಂತಿದ್ದ. ನಾನು ಸೀದಾ ಹೋಗಿ ಅವನ ಕೈ ಕುಲುಕಿ, "ಮ್ಯಾನೇಜರೆ, ಕೇಂದ್ರವನ್ನ ಒಳ್ಳೆ ಚೊಕ್ಕಟವಾಗಿ ಇಟ್ಟಿದ್ದೀರಿ" ಎಂದೆ. ಒಳಗೆ ಹೆಜ್ಜೆಯಿಟ್ಟು, ಗುಂಡಿಯಲ್ಲಿ ಸೊಂಟದವರೆಗೆ ಇಳಿದು ಎಳೆ ಕಟ್ಟುತ್ತಿದ್ದ ಬನಿಯನ್ನಿನ ಯುವಕನನ್ನು ನೋಡಿ, "ಏನಪ್ಪ, ಸ್ವಲ್ಪ ಎದ್ದು ದಾರಿ ಬಿಡು" ಎಂದೂ ಹೇಳಿದೆ.

ನೀಲಿ ಕೋಟಿನವನು ಹಿಂದಿನಿಂದ ಸಂಕೋಚದಿಂದ, "ನಾನು ಬ್ಯಾಂಡ್‌ಸೆಟ್ಟಿನವ್ನು ಸಾರ್. ಮದುವೆ ಐತೆ, ಬಸ್ಸಿಗೆ ನಿಂತಿದ್ದೆ" ಎಂದ. ಗುಂಡಿಯಲ್ಲಿದ್ದ ಯುವಕ ಗಂಜಿ ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತ ಮೇಲೆದ್ದ. "ಮ್ಯಾನೇಜ್ರು ನಾನೇ ಸಾರ್. ಬರ್ರಿ, ಕುಂತ್ಕಳ್ರಿ" ಎಂದು ಹೊಸ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದ. ನಾನು ಬೂಟು ಬಿಚ್ಚಿದೆ. ಆಮೇಲೆ ಕೋಟನ್ನೂ ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟೆ. ಅವನು ಗಾಬರಿಯಿಂದ, "ಯಾಕ್ ಸಾರ್, ಚಳಿ ಐತೆ" ಎಂದ.

"ಸೆಖೆ ಕಣಪ್ಪ" ಎಂದೆ.